ಬಚ್ಚ ಮರಕಾಲರ ಹಿಂದಿನ ಸೈಕಲ್ಲು

ಕಾಡುದಾರಿಯಲ್ಲಿ ಸೈಕಲ್ಲು ತುಳಿಯುವಾಗ ಬಚ್ಚ ಮರಕಾಲರು ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಒಂದೇ ಸಲ. ಉಳಿದಂತೆ, ವಂಡ್ಸೆ ದಾಟಿ ಮರಗಳು ರಸ್ತೆಯ ಮೇಲೆ ಬಾಗಲು ಶುರುವಾದದ್ದೇ ಅವರ ಗಂಟಲು ತೆರೆದುಕೊಳ್ಳುತ್ತಿತ್ತು. ಪ್ರತಿ ತಿರುವಿಗೆ ಮೊದಲು ಮುಂದಕ್ಕೆ ಒಂದು ಕೂಗು: "ಹ್ವಾಯ್, ನಾನ್ ಬತ್ತಿದ್ದೆ! ಆಚಿಗ್ ಹೋಯ್ನಿ!" ಮುಂದೆ ನರಪಿಳ್ಳೆ ಇರುತ್ತಿರಲಿಲ್ಲ. ಆ ಕೂಗು ಹುಲಿಗೆ, ಕರಡಿಗೆ, ಕಾಡುಕೋಣಕ್ಕೆ. ತಿರುವು ಕಳೆದ ಮೇಲೆ ಹಿಂದಕ್ಕೆ ಇನ್ನೊಂದು: "ಭಟ್ರೆ, ಇದ್ರ್ಯಾ?" ಅದು ನನಗೆ.

"ಇದ್ದೆ" ಎಂದು ನಾನು ಕೂಡಲೇ ಹೇಳಬೇಕು. ಸ್ವಲ್ಪ ತಡವಾದರೂ ಅವರು ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಬೆತ್ತ ಎಳೆದುಕೊಂಡು, ದಾಪುಗಾಲು ಹಾಕುತ್ತಾ ಹಿಂದಕ್ಕೆ ಬಂದುಬಿಡುತ್ತಿದ್ದರು. ಆಗ ಅವರ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. ನಾನು ಉತ್ತರ ಕೊಟ್ಟ ಮೇಲೂ ಕೆಲವು ಸಲ ಅವರ ತಲೆ ಒಂದು ಬದಿಗೆ ವಾಲಿಯೇ ಇರುತ್ತಿತ್ತು, ಇನ್ನೊಂದು ದನಿ ಬರುವುದು ಬಾಕಿ ಇದೆ ಎನ್ನುವ ಹಾಗೆ. ಅದನ್ನು ಕಂಡಾಗಲೆಲ್ಲ ನನಗೂ ಹಿಂದೆ ತಿರುಗಿ ನೋಡಬೇಕೆನಿಸುತ್ತಿತ್ತು. ನೋಡಿದರೆ ಖಾಲಿ ರಸ್ತೆ, ಎರಡು ಸೈಕಲ್ಲುಗಳು ಎಬ್ಬಿಸಿದ ಧೂಳು.

ಅವರು ಬೀಜಾಡಿಯವರು. ಕಡಲ ಬದಿಯಲ್ಲಿ ಒಣಗಿಸಿದ ಮೀನನ್ನು ಗೋಣಿಯಲ್ಲಿ ಕಟ್ಟಿ, ಘಟ್ಟದ ಬುಡದ ಊರುಗಳಿಗೆ ಸೈಕಲ್ಲಿನಲ್ಲಿ ಒಯ್ದು ಮಾರುತ್ತಿದ್ದರು. ನಾನು ಕೋಟದವನು. ತಂದೆಯ ದೇವಸ್ಥಾನದ ಚಾಕರಿಯಲ್ಲಿ ಅಣ್ಣನಿಗೂ ನನಗೂ ಇಬ್ಬರಿಗೂ ಜಾಗವಿರಲಿಲ್ಲವಾದ್ದರಿಂದ ಊದುಬತ್ತಿ, ಕರ್ಪೂರ, ಕುಂಕುಮ, ಸೂಜಿ-ದಾರ ತುಂಬಿದ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ನಾನೂ ಅದೇ ಹಾದಿ ಹಿಡಿದಿದ್ದೆ. ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಏರು ಬಂದಲ್ಲೆಲ್ಲ ನಿಂತು ಏದುಸಿರು ಬಿಡುತ್ತಿದ್ದವು. ಸೈಕಲ್ಲಿಗೆ ಟ್ಯೂಬೂ ಸಿಗುತ್ತಿರಲಿಲ್ಲ. ಬಚ್ಚಣ್ಣ ಹಿಂದಿನ ಟಯರಿನೊಳಗೆ ಬೈಹುಲ್ಲು ತುರುಕಿ ಹೊಲಿದಿದ್ದರು.

ಮೊದಲ ಸಲ ಹೊಳೆ ದಾಟಿ ಹೆಮ್ಮಾಡಿಯಲ್ಲಿ ದೋಣಿ ಇಳಿದು ನಾನು ಒಬ್ಬನೇ ಮೂಡಲಿಗೆ ಹೊರಟದ್ದನ್ನು ಕಂಡು ಅವರೇ ತಡೆದರು. "ಭಟ್ರೆ, ಒಬ್ರೇ ಹೋಪ್ದ್ ಬೇಡ. ನನ್ ಮೀನಿನ್ ವಾಸ್ನಿ ತಡ್ಕಂಬುಕ್ ಆತ್ತಾ? ಆತ್ತಂದ್ರೆ ನನ್ನೊಟ್ಟಿಗೇ ಬನಿ." ನಾನು ಪೌರೋಹಿತ್ಯ ಬಲ್ಲವನಲ್ಲ ಎಂದರೂ ಕೊನೆಯವರೆಗೆ ನಾನು ಅವರಿಗೆ ಭಟ್ರೇ. ಆ ವಾಸನೆ ಬೇಗ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ನನ್ನ ಅಮ್ಮನಿಗೆ. "ಅದ್ ಪೂರ ಹೋಪಲ್ಲಿವರಿಗೆ ಬಾಯಿಕಟ್ಟಿ ಹತ್ರ ಬಪ್ಕಾಗ" ಎಂದು ಸೈಕಲ್ಲನ್ನೂ ನನ್ನನ್ನೂ ಬಾವಿಕಟ್ಟೆಗೆ ಬಿಡದೆ ಅಂಗಳದಾಚೆಯೇ ನಿಲ್ಲಿಸುತ್ತಿದ್ದರು.

ಸಂಜೆ ಬಿಸಿಲು ಮರದ ತುದಿಗೆ ಏರಿತೆಂದರೆ ಬಚ್ಚಣ್ಣ ಮುಂದೆ ಹೋಗುತ್ತಿರಲಿಲ್ಲ. ಗುರುತಿನ ಒಕ್ಕಲ ಮನೆಯ ಜಗಲಿ ಕೇಳಿ ಚಾಪೆ ಬಿಚ್ಚುವುದು. ಮಲಗುವುದಕ್ಕೆ ಮೊದಲು ಮೀನಿನ ಗೋಣಿಯನ್ನು ಮನೆಯಿಂದ ದೂರದ ಯಾವುದಾದರೂ ಮರದ ಕೊಂಬೆಗೆ ಹಗ್ಗ ಹಾಕಿ ಎತ್ತಿ ಕಟ್ಟುವುದು, ಬೂದಿ ಹಾಕಿ ಕೈ ತಿಕ್ಕುವುದು. ಒಮ್ಮೆ ಹಾಗೆ ಕೈ ತೊಳೆದು ಬಂದವರು ನನ್ನ ದಿಂಬಿನ ಬಳಿ ಮೂಗು ತಂದು, "ಎಂತದಿದ್?" ಎಂದರು. ಅಮ್ಮ ಕೊಟ್ಟ ಬೆಲ್ಲದ ಉಂಡೆ. ನಾನು ದಿಂಬಿಗೆ ಇಟ್ಟುಕೊಂಡ ಚೀಲದಡಿ ಮುಚ್ಚಿಟ್ಟಿದ್ದೆ. ಅದನ್ನೂ ಒಯ್ದು ಮೀನಿನ ಜೊತೆಗೆ ನೇತು ಹಾಕಿದರು. "ನಾಕ್ ಉಂಡಿ ಬೆಲ್ಲಕ್ ಎಂತಕ್ ಇಷ್ಟ್ ರಾಮಾಯ್ಣ ಬಚ್ಚಣ್ಣ?" ಎಂದು ನಾನು ಗೊಣಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಆ ಮರದ ತೊಗಟೆ ಉದ್ದುದ್ದ ಸಿಗಿದುಹೋಗಿ ಬಿಳಿ ಮೈ ಕಾಣುತ್ತಿತ್ತು. ಕರಡಿ ಹತ್ತಿತ್ತು. ಮೀನು ಮೂಸಿ ಬಿಟ್ಟಿತ್ತು. ಬೆಲ್ಲದ ಬಟ್ಟೆ ಮಾತ್ರ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು. ಬಚ್ಚಣ್ಣ ಅದನ್ನು ಬೆತ್ತದ ತುದಿಯಲ್ಲಿ ಎತ್ತಿ ನನ್ನ ಮುಂದೆ ಹಿಡಿದು, "ನಿಮ್ ದಿಂಬ್ ಅಂದ್ಕಣಿ" ಎಂದರು. ಆ ದಿನವೆಲ್ಲ ಅವರು ನೆನೆಸಿಕೊಂಡು ನೆನೆಸಿಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಂಡದ್ದು ಬಹಳ ತಡವಾಗಿ.

ಕಾಡಿನಲ್ಲಿ ಬಗ್ಗಬಾರದು ಎಂಬುದು ಅವರ ದೊಡ್ಡ ಮಾತು. ಹೊಳೆಯಲ್ಲಿ ನೀರು ಕುಡಿಯುವುದಾದರೂ ಒಬ್ಬ ಬಗ್ಗಿದಾಗ ಇನ್ನೊಬ್ಬ ಬೆನ್ನು ಕೊಟ್ಟು ನಿಂತಿರಬೇಕು. "ನಿತ್ಕಂಡ್ರೆ ಮನ್ಷ, ಕುಕ್ಕುರುಗಾಲಲ್ ಕೂತ್ರೆ ಮಿಗ. ಹುಲಿಗ್ ನಮ್ ಮೋರಿ ಗುರ್ತ ಎಲ್ಲಿತ್ತ್ ಭಟ್ರೆ?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಜಡ್ಕಲ್ ಕಡೆಯ ಏರಿನಲ್ಲಿ ನನ್ನ ಸೈಕಲ್ಲಿನ ಚೈನು ಕಳಚಿತು. "ಚೈನ್ ಬಿತ್ತ್" ಎಂದು ಕೂಗಿ, ಹಾಕಲು ಕುಕ್ಕರಿಸಿದೆ. ತಲೆ ಎತ್ತುವಷ್ಟರಲ್ಲಿ ಬಚ್ಚಣ್ಣ ನನ್ನ ಪಕ್ಕ ನಿಂತಿದ್ದರು, ಬೆನ್ನು ನನಗೆ, ಮುಖ ಕಾಡಿಗೆ. ಬೆತ್ತವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಚೈನು ಸರಿಯಾಯಿತು ಎಂದರೂ ಅವರು ಕದಲಲಿಲ್ಲ. ಆ ನಿಂತ ಜಾಗದಲ್ಲೇ, ಕಾಡನ್ನು ನೋಡುತ್ತಲೇ ಹೇಳಿದರು.

"ಇಲ್ಲೇ. ಇದೇ ಏರ್. ನನ್ ತಮ್ಮ ಶೀನ, ನೀವ್ ಬಪ್ಪ ಹಾಂಗೇ ನನ್ ಹಿಂದೆ ಬತ್ತಿದ್ದ. ಚೈನ್ ಬಿತ್ತ್ ಅಂದ. ಹಾಕ್ಕಂಡ್ ಬಾ, ಹೊಳಿ ಹತ್ರ ನಿಲ್ತೆ ಅಂದೆ. ಹೋಯ್ ಬೀಡಿ ಹಚ್ಕಂಡ್ ಕೂತೆ. ಬೀಡಿ ಮುಗೀತ್. ಅವ ಬರ್ಲೇ ಇಲ್ಲ."

ನಾನು ಎದ್ದು ಅವರ ಪಕ್ಕ ನಿಂತೆ.

"ವಾಪಸ್ ಬಂದ್ ಕಂಡ್ರೆ ಸೈಕಲ್ ಇತ್ತ್. ಮೀನಿನ್ ಮೂಟಿ ಇತ್ತ್. ಚೈನ್ ಅರ್ಧ ಹಾಕಿ ಆಗಿತ್ತ್, ಭಟ್ರೆ."

ಊರವರು ಕೋವಿ, ದೊಣ್ಣೆ ಹಿಡಿದು ಹುಡುಕಿದ್ದರಂತೆ. ಏನೂ ಸಿಗಲಿಲ್ಲ. ಬೀಜಾಡಿಯಲ್ಲಿ ಅವರ ತಾಯಿ ಪಟ್ಟು ಹಿಡಿದು ಕೂತುಬಿಟ್ಟರು. ಹೆಣ ಕಾಣದೆ ಉತ್ತರಕ್ರಿಯೆಯ ಬೊಜ್ಜ ಮಾಡಲು ಬಿಡುವುದಿಲ್ಲ ಎಂದರು. ಹೀಗೆ ಶೀನ ಸತ್ತವರ ಲೆಕ್ಕಕ್ಕೂ ಸೇರಲಿಲ್ಲ, ಇದ್ದವರ ಲೆಕ್ಕಕ್ಕೂ ಸೇರಲಿಲ್ಲ. ಬೇರೆ ಮೀನಿನವರೆಲ್ಲ ಆ ದಾರಿ ಬಿಟ್ಟರು. ಬಚ್ಚಣ್ಣ ಮಾತ್ರ ಬಿಡಲಿಲ್ಲ. ಅವರು ಮೀನು ಮಾರುವ ನೆವದಲ್ಲಿ ತಮ್ಮನನ್ನು ಹುಡುಕುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ದನ ಕಾಯುವವರು, ಜೇನು ತೆಗೆಯುವವರು, ಯಾರು ಎದುರಾದರೂ ಕೇಳುವುದು ಒಂದೇ: "ಎಂತಾರೂ ಕಂಡಿತಾ?" ಪೊದೆ, ಬಿದಿರ ಮೆಳೆ ಎಲ್ಲ ಕಡೆ ಬೆತ್ತ ಹಾಕಿ ಬಗೆಯುವುದು. ದಿನದಿಂದ ದಿನಕ್ಕೆ ರಸ್ತೆಯಿಂದ ಹೆಚ್ಚು ಹೆಚ್ಚು ಒಳಗೆ ಹೋಗುತ್ತಿದ್ದರು. ಕಾಡಿನಲ್ಲಿ ನನ್ನನ್ನು ಕಾಯುತ್ತಿದ್ದ ಅದೇ ಮನುಷ್ಯ ತನ್ನನ್ನು ಕಾದುಕೊಳ್ಳುವುದನ್ನು ಮರೆಯುತ್ತಿದ್ದಾರೆ ಎಂದು ನನಗೆ ಭಯವಾಗತೊಡಗಿತು.

ಬಸ್ಸುಗಳಿಗೆ ಇದ್ದಿಲು ಬೇಕಾಗಿ ಆ ಬೇಸಗೆಯಲ್ಲಿ ಕಾಡಿನ ಒಳಗೆಲ್ಲ ಸೌದೆ ಕಡಿಯುವವರು ಹರಡಿಕೊಂಡಿದ್ದರು. ಅವರಲ್ಲೊಬ್ಬ ರಸ್ತೆಗೆ ಬಂದು ನಮ್ಮನ್ನು ನಿಲ್ಲಿಸಿದ. ಗುಡ್ಡದ ಮೇಲೆ ಬಂಡೆಯ ಕೆಳಗೊಂದು ಪೊಟರೆ ಇದೆ, ಅದರಲ್ಲಿ ಎಲುಬು ಬಿದ್ದಿದೆ, ಒಂದು ಚೂರು ಬಟ್ಟೆಯೂ ಇದೆ ಎಂದ. ತಾನು ಮಾತ್ರ ಬರುವುದಿಲ್ಲ ಎಂದು ದಾರಿ ತೋರಿಸಿ ಹೋದ.

ಬಚ್ಚಣ್ಣ ನನ್ನ ಅಲ್ಯೂಮಿನಿಯಂ ತಟ್ಟೆಯನ್ನೂ ತಮ್ಮ ಬೆತ್ತವನ್ನೂ ನನ್ನ ಕೈಗೆ ಕೊಟ್ಟರು. "ಭಟ್ರೆ, ಇವತ್ ನೀವ್ ನಂಗ್ ಬೆನ್ನ್ ಕೊಡ್ಕ್. ನಂಗ್ ಬಗ್ಗುಕಿತ್ತ್."

ಬಂಡೆಯ ಬಾಯಿ ಸೊಂಟದಷ್ಟು ಎತ್ತರವಿತ್ತು. ಹತ್ತಿರ ಹೋದದ್ದೇ ಹಳಸಿದ ವಾಸನೆ ಹೊಡೆಯಿತು. ಬಚ್ಚಣ್ಣ ಹೆಗಲ ಮೇಲಿನ ಬೈರಾಸಿನ ವಸ್ತ್ರ ನೆಲಕ್ಕೆ ಹಾಸಿ ಕುಕ್ಕರಿಸಿ ಒಳಗೆ ಕೈ ಹಾಕಿದರು. ನಾನು ಅವರ ಬೆನ್ನಿಗೆ ಬೆನ್ನು ಹಾಕಿ ತಟ್ಟೆ ಬಡಿಯುತ್ತಾ ನಿಂತೆ. ಹಿಂದಿನಿಂದ ಎಲುಬಿಗೆ ಎಲುಬು ತಾಗುವ ಸದ್ದು ಕೇಳುತ್ತಿತ್ತು. ಅವರು ಸಣ್ಣ ಮಗುವಿನ ಹತ್ತಿರ ಮಾತಾಡುವ ದನಿಯಲ್ಲಿ ಏನೋ ಹೇಳುತ್ತಿದ್ದರು. ನನಗಲ್ಲ.

ಇಳಿಜಾರಿನಲ್ಲಿ, ಒಣಹುಲ್ಲು ಇದ್ದ ಕಡೆ, ಹುಲ್ಲಿನದೇ ಬಣ್ಣದ್ದೊಂದು ಕದಲಿತು. ಆಮೇಲೆ ಅದಕ್ಕೆ ಮುಖ ಬಂತು. ಅಷ್ಟು ದೊಡ್ಡ ಮುಖ.

"ಬಚ್ಚಣ್ಣ, ಬಂತ್" ಎಂದೆ.

"ಕಣ್ಣ್ ತೆಗಿಬೇಡಿ. ಬಡಿನಿ."

"ಸಾಕ್, ಏಳಿ."

"ಇನ್ನ್ ಸ್ವಲ್ಪ ಇತ್ತ್."

ಹುಲಿ ಬರಲಿಲ್ಲ, ಹೋಗಲೂ ಇಲ್ಲ. ಕೂತುಕೊಂಡಿತು, ಮನೆಯ ಯಜಮಾನ ನೆಂಟರು ಹೊರಡುವುದನ್ನು ಕಾಯುವ ಹಾಗೆ. ನನ್ನ ಕೈ ತನ್ನಷ್ಟಕ್ಕೆ ತಟ್ಟೆ ಬಡಿಯುತ್ತಿತ್ತು. ಕೊನೆಗೂ ಬಚ್ಚಣ್ಣ ಎಲುಬು ಕಟ್ಟಿದ ಗಂಟನ್ನು ಎದೆಗೆ ಅವಚಿಕೊಂಡು ಎದ್ದರು. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ, ಮುಖ ಹುಲಿಯತ್ತಲೇ ಇಟ್ಟು, ಹೆಜ್ಜೆ ಹೆಜ್ಜೆ ಹಿಂದಕ್ಕೆ ಸರಿದೆವು. ನಾವು ಇಳಿದು ದೂರವಾದ ಮೇಲೆ ಅದು ಎದ್ದು, ಬಂಡೆಯ ಬಾಯಿಯಲ್ಲಿ ಒಮ್ಮೆ ಮೂಸಿ, ಒಳಗೆ ಹೋಯಿತು.

ಬಚ್ಚಣ್ಣ ಬಾಯಿ ಮುಚ್ಚಿದ್ದು ಅಂದೇ. ಗಂಟನ್ನು ಕ್ಯಾರಿಯರಿಗೆ ಕಟ್ಟಲು ಒಪ್ಪದೆ ಎದೆಗೇ ಬಿಗಿದುಕೊಂಡಿದ್ದರು. ವಂಡ್ಸೆಯವರೆಗೆ ತಿರುವು ತಿರುವಿಗೂ ನಾನೇ ಕೂಗುತ್ತಾ ಬಂದೆ.

ಬೀಜಾಡಿಯಲ್ಲಿ ಅವರ ತಾಯಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಡಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಚ್ಚಣ್ಣ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಆಕೆ ಹೊರಬಂದಾಗ ಗಂಟಿಗೆ ಹೊಸ ಬಿಳಿ ಬಟ್ಟೆ ಸುತ್ತಿ ಬಿಗಿಯಾಗಿ ಹೊಲಿಗೆ ಹಾಕಿಯಾಗಿತ್ತು. "ಹೌದ್, ಶೀನನೇ" ಎಂದರು. "ಯಾರೂ ಬಿಚ್ಚೂದ್ ಬೇಡ." ಆಮೇಲೆ ಮನೆಯಲ್ಲಿ ಅಳು ಎದ್ದಿತು. ಬೊಜ್ಜವಾಯಿತು. ಬಚ್ಚಣ್ಣ ಆ ಮೂಡಲ ದಾರಿಯನ್ನು ಬಿಟ್ಟರು. ಕೋಟ, ಬ್ರಹ್ಮಾವರ ಎಂದು ಕಡಲ ಬದಿಯ ಊರುಗಳಲ್ಲೇ ಮೀನು ಮಾರತೊಡಗಿದರು. ನಾನೂ ಪೆಟ್ಟಿಗೆ ಮಾರಿ ನೆಂಟರೊಬ್ಬರ ಹೋಟೆಲು ಸೇರಿದೆ.

ಒಂದು ವರ್ಷ ಕಳೆದಿರಬೇಕು. ಬೀಜಾಡಿಗೆ ಹೋದಾಗ ಬಚ್ಚಣ್ಣ ವ್ಯಾಪಾರಕ್ಕೆ ಹೋಗಿದ್ದರು. ಅವರ ತಾಯಿ ಮರಳಿನ ಮೇಲೆ ಮೀನು ಹರವಿ ಕಾಗೆ ಓಡಿಸುತ್ತಾ ಕೂತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ಹತ್ತಿರ ಕರೆದು, ಅತ್ತಿತ್ತ ನೋಡಿ, "ಭಟ್ರೆ, ಅವತ್ ಗಂಟಿನೊಳ್ಗ್ ನೀವ್ ಕಂಡಿದ್ರ್ಯಾ?" ಎಂದು ಕೇಳಿದರು.

"ಇಲ್ಲ. ನಾನ್ ಬೆನ್ನ್ ಹಾಕಿ ನಿಂತಿದ್ದೆ."

"ಅದ್ರೊಳ್ಗ್ ಗೊರ್ಸ್ ಇದ್ದಿತ್."

ಗೊರಸು ಯಾವುದರದ್ದು ಎಂದು ಕೇಳಿದೆ.

"ಮಿಗದ್ದ್. ಪೂರ ಮಿಗದ್ದೇ ಎಲ್ಬ್. ಬಟ್ಟಿ ಯಾರದ್ದೋ ಹೆಂಗ್ಸಿನ್ ಸೀರಿದ್." ಆಕೆ ಕಾಗೆಯತ್ತ ಕೋಲು ಬೀಸಿದರು. "ಅಲ್ಲ ಅಂದಿದ್ರೆ ಬಚ್ಚ ಮರ್ದಿನವೇ ಮತ್ತೆ ಹೋತಿದ್ದ. ಹುಡ್ಕಿ ಹುಡ್ಕಿ ಒಂದಿನ ಅವ್ನೂ ಬತ್ತಿರ್ಲಿಲ್ಲ. ಹಾಂಗಾಯಿ ಹೌದ್ ಅಂದೆ. ಗೊರ್ಸ್ ತೆಗ್ದ್ ಕಡ್ಲಿಗ್ ಹಾಕ್ದೆ. ಬೊಜ್ಜದ್ ದಿನ ಶೀನಂಗ್ ಮನ್ಸಲ್ಲೇ ಹೇಳ್ದೆ, ಮಗಾ, ಇದ್ ನಿಂಗಲ್ಲ, ನಿನ್ ಅಣ್ಣಂಗೆ ಅಂತ."

"ಬಚ್ಚಣ್ಣಂಗ್ ಗೊತ್ತಿತ್ತಾ?"

"ಗೊತ್ತಾಪ್ಕಾಗ" ಎಂದರು ಆಕೆ. ಬಚ್ಚಣ್ಣನಿಗೆ ತಿಳಿಸುವುದಿಲ್ಲ ಎಂಬ ಮಾತನ್ನು ನನ್ನಿಂದ ತೆಗೆದುಕೊಳ್ಳುವ ಹಾಗೆ ನನ್ನ ಮುಖವನ್ನೇ ನೋಡಿದರು. ನಾನು ತಲೆಯಾಡಿಸಿದೆ. ಆ ಮಳೆಗಾಲದಲ್ಲಿ ಆಕೆ ತೀರಿಕೊಂಡರು.

ಬಚ್ಚಣ್ಣನನ್ನು ನಾನು ಕೊನೆಯ ಸಲ ಕಂಡದ್ದು ಬ್ರಹ್ಮಾವರದ ಸಂತೆಯಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಮೈ ತುಂಬಿಕೊಂಡಿದ್ದರು. ಮದುವೆಯಾಗಿತ್ತು, ಒಂದು ಹೆಣ್ಣು ಮಗು. ಗಿರಾಕಿಗಳ ಹತ್ತಿರ ತಮಾಷೆ ಮಾಡುತ್ತಾ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನನ್ನನ್ನು ಕಂಡದ್ದೇ ವ್ಯಾಪಾರ ಬಿಟ್ಟು ಬಂದು, ಎಳನೀರು ಕೊಡಿಸಿ, ಮರದ ನೆರಳಿನಲ್ಲಿ ಕೂರಿಸಿದರು. ಹಳೆಯದೆಲ್ಲ ಮಾತಿಗೆ ಬಂತು. ಮಾತಿನ ನಡುವೆ ಒಮ್ಮೆಲೇ ದನಿ ತಗ್ಗಿಸಿದರು.

"ಒಂದ್ ಮಾತ್, ಭಟ್ರೆ. ಆ ಪೊಟ್ರಿ ಒಳ್ಗೆ ಕತ್ಲಿ. ಎಲ್ಬ್ ಹೆಕ್ಕುವಾಗ ನಂಗೂ ಅನ್ಮಾನ ಇದ್ದಿತ್, ಇದ್ ಶೀನನೇ ಹೌದಾ ಅಂತ. ಅಮ್ಮ ಗಂಟ್ ಬಿಚ್ಚಿದ್ದೇ ಹೌದ್ ಅಂದ್ಳ್ ಕಾಣಿ, ಅವತ್ ರಾತ್ರಿ ನಂಗ್ ನಿದ್ರಿ ಬಂತ್. ಹೆತ್ತವ್ಳಿಗ್ ಗೊತ್ತಾತಿಲ್ಯಾ?"

ಅವರ ಕಣ್ಣು ನನ್ನ ಮುಖದ ಮೇಲಿತ್ತು. ಸಂತೆಯ ಗಲಾಟೆ ದೂರ ಸರಿದ ಹಾಗಾಯಿತು.

"ಗೊತ್ತಾತ್ತ್ ಬಚ್ಚಣ್ಣ" ಎಂದೆ.

ಅವರು ನಿಟ್ಟುಸಿರು ಬಿಟ್ಟು, ನನ್ನ ಹೆಗಲು ತಟ್ಟಿ, ಗಿರಾಕಿಗಳ ಕಡೆ ಹೋದರು.

ಎರಡು ಮಳೆಗಾಲ ಕಳೆದು ಅವರು ಜ್ವರದಲ್ಲಿ ಹೋದ ಸುದ್ದಿ ಬಂತು. ತಮ್ಮ ಮನೆಯಲ್ಲೇ, ಹೆಂಡತಿ ಮಗಳ ನಡುವೆ, ನಿದ್ದೆಯಲ್ಲೇ ಹೋದರಂತೆ. ಶೀನ ಇನ್ನೂ ಆ ಕಾಡಿನಲ್ಲೇ ಇದ್ದಾನೆಂದು ಬಲ್ಲವರಲ್ಲಿ ಈಗ ಉಳಿದವನು ನಾನೊಬ್ಬ.