ಹೆಬ್ಬೆರಳಿನ ತಪ್ಪು

ಮೈಕ್ರೊಸ್ಕೋಪಿಗೆ ಕಣ್ಣೊತ್ತಿ ಒತ್ತಿ ನಮ್ಮ ಗೈಡ್ ಮೇಡಂ ಅವರ ಎಡಗಣ್ಣಿನ ಕೆಳಗೆ ಬಳೆಚೂರಿನಂಥ ಕೆಂಪು ಗೆರೆಯೊಂದು ಮೂಡಿರುತ್ತಿತ್ತು. ಸಂಜೆ ಚಂದ್ರಾ ಲೇಔಟಿನ ಮನೆಗೆ ಹೊರಡುವಾಗಲೂ ಅದು ಮಾಸುತ್ತಿರಲಿಲ್ಲ. ಆ ಕಣ್ಣಿಗೆ ಯಾವುದೂ ಒಂದೇ ಸಲಕ್ಕೆ ಒಪ್ಪಿಗೆಯಾಗುತ್ತಿರಲಿಲ್ಲ ಎಂಬುದೇ ನನ್ನ ಆರು ವರ್ಷಗಳ ಗೋಳು.

ಕೆಂಗೇರಿ ಉಪನಗರದ ಆಚೆಗಿನ ಕಾಲೇಜೊಂದರಲ್ಲಿ ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದೆ. ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳು ನಮ್ಮ ವಿಷಯ. ಅವು ರಕ್ತದ ಸೆಳೆತದಲ್ಲಿ ಉರುಳುತ್ತಾ ಬಂದು, ನಾಳದ ಗೋಡೆಗೆ ಕಚ್ಚಿ ನಿಂತು, ಸಂದಿಯಲ್ಲಿ ಮೈ ಹಿಂಡಿಕೊಂಡು ಗಾಯದತ್ತ ನುಸುಳುತ್ತವೆ. ಯಾರು ತಳ್ಳಿದರು, ಯಾರು ಎಳೆದರು, ಅಡಿಯಲ್ಲಿರುವುದು ಗಟ್ಟಿಯೋ ಮೆತ್ತಗೋ, ಎಲ್ಲವೂ ಅವಕ್ಕೆ ತಿಳಿಯುತ್ತದೆ. “ಅದಕ್ಕೆ ಕಣ್ಣಿಲ್ಲ ಕಣಮ್ಮಾ, ಮುಟ್ಟಿ ನೋಡೇ ತಿಳ್ಕೊಳ್ಳೋದು,” ಎನ್ನುತ್ತಿದ್ದರು ಮೇಡಂ.

ನಾನು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: “ಎಷ್ಟು ಸಲ ಮಾಡ್ದೆ?” ಮದುವೆ ಗೊತ್ತಾಯಿತೆಂದು ಪೇಡಾ ಕೊಟ್ಟರೆ, “ಹುಡುಗನ್ನ ಎಷ್ಟು ಸಲ ಮಾತಾಡಿಸ್ದೆ?” ಎಂದರು. ಎರಡು ಸಲ ಎಂದೆ. ಸಾಲದು ಎಂಬಂತೆ ತಲೆಯಾಡಿಸಿ ಪೇಡಾ ಬಾಯಿಗೆ ಹಾಕಿಕೊಂಡರು.

ತಟ್ಟೆಗೆ ಹರಡಿದ ಲೋಳೆಯಂಥ ಜೆಲ್ಲು ಗಟ್ಟಿಯಿದ್ದರೆ ಅದರ ಮೇಲೆ ಕೂತ ಕಣಗಳು ಬೇಗ ಎಚ್ಚೆತ್ತು ಹೋರಾಟಕ್ಕೆ ಸಿದ್ಧವಾಗುತ್ತವೆ, ಮೆತ್ತನೆಯದರ ಮೇಲಿನವು ಹಿಂದುಳಿಯುತ್ತವೆ ಎಂದು ಎರಡು ವರ್ಷ ದುಡಿದು ತೋರಿಸಿದೆ. ಪ್ರಬಂಧ ಬರೆದು ಇನ್ನೇನು ಕಳಿಸಬೇಕು ಎನ್ನುವಾಗ ಮೇಡಂ, “ಯಾವ ಜೆಲ್ಲನ್ನೂ ಮುಟ್ಟದ ಕಣ ನೋಡಿದೀಯಾ?” ಎಂದರು. ನೋಡಿದರೆ ಅವುಗಳಲ್ಲೂ ಅರ್ಧದಷ್ಟು ಎಚ್ಚೆತ್ತಿವೆ! ಹಾಗಾದರೆ ಅವನ್ನು ಎಬ್ಬಿಸಿದ್ದು ಜೆಲ್ಲಲ್ಲ, ಬೇರೇನೋ. ದ್ರಾವಣ ಬದಲಿಸಿದೆ, ತಟ್ಟೆ ಬದಲಿಸಿದೆ. ಮೂರು ವಾರ ತಿಣುಕಿದರೂ ಅಷ್ಟೇ. ಕೊನೆಗೆ ಒಂದು ಬೆಳಿಗ್ಗೆ ಮೇಡಂ ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು. ಊಟದ ಹೊತ್ತಿನವರೆಗೂ ನನ್ನ ಕೈಯನ್ನೇ ನೋಡಿದರು. ಮೈಯೆಲ್ಲ ಉರಿದುಹೋಯಿತು.

“ನಿನ್ನ ಹೆಬ್ಬೆರಳು ನೋಡ್ಕೋ,” ಎಂದರು ಆಮೇಲೆ. “ಕಾಲಿಂಗ್ ಬೆಲ್ ಒತ್ತೋ ಹಾಗೆ ಒತ್ತೀಯ.”

ಕಣಗಳಿದ್ದ ದ್ರಾವಣವನ್ನು ತಟ್ಟೆಗೆ ಬಿಡುವಾಗ ಪಿಪೆಟ್ಟೆಂಬ ನಳಿಕೆಯ ಗುಂಡಿಯನ್ನು ನಾನು ಹೆಬ್ಬೆರಳಿನಿಂದ ರಪ್ಪನೆ ಒತ್ತುತ್ತಿದ್ದೆ. ಅದರ ಸಣ್ಣ ತುದಿಯಲ್ಲಿ ಅಷ್ಟು ಬಿರುಸಾಗಿ ನುಗ್ಗಿ ಬಂದ ಪೆಟ್ಟಿಗೇ ಕಣಗಳು ಎಚ್ಚೆತ್ತಿದ್ದವು. ಬಲದ ಬಗ್ಗೆಯೇ ಸಂಶೋಧನೆ ಮಾಡುವವಳಿಗೆ ತನ್ನ ಕೈಯ ಬಲ ಗೊತ್ತಿರಲಿಲ್ಲ.

“ಎರಡು ವರ್ಷ ನೀರಲ್ಲಿ ಹೋಮ ಆಯ್ತಲ್ಲ ಮೇಡಂ! ಮೊದ್ಲೇ ಹೇಳ್ಬಾರ್ದಿತ್ತಾ?” ಎಂದು ಕಿರುಚಿದೆ.

“ಮೊದ್ಲೇ ಬಂದು ಕೂತು ನೋಡ್ಬೇಕಿತ್ತು. ನಂದೂ ತಪ್ಪೇ,” ಎಂದರು. “ಊಟ ಮಾಡ್ಕೊಂಡು ಬಾ. ಮೆಲ್ಲಗೆ ಒತ್ತೋದು ಕಲಿಯೋಣ.”

ಎಲ್ಲವನ್ನೂ ಮತ್ತೆ ಮಾಡಲು ಹದಿನಾಲ್ಕು ತಿಂಗಳು ಹಿಡಿಯಿತು. ನನ್ನ ಜೊತೆ ಸೇರಿದವಳು ಡಾಕ್ಟರೇಟ್ ಪಡೆದು ಹೊರಟೇಹೋದಳು. ಮೈಸೂರು ರಸ್ತೆಯ ಬಸ್ಸಿನಲ್ಲಿ ನೇತಾಡುತ್ತಾ ದಿನವೂ ಮೇಡಂಗೆ ಶಾಪ ಹಾಕಿದ್ದೇನೆ. ಕೊನೆಗೆ ಗಟ್ಟಿಗೂ ಮೆತ್ತಗೂ ವ್ಯತ್ಯಾಸ ಉಳಿಯಿತು, ಮೊದಲಿನ ಅರ್ಧದಷ್ಟು. “ಚಿಕ್ಕದಾದ್ರೂ ನಿಜ,” ಎಂದು ಮೇಡಂ ಪ್ರಬಂಧಕ್ಕೆ ಸಹಿ ಹಾಕಿದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ ಕೂತಲ್ಲೇ, ಹೃದಯ ನಿಂತು ಅವರು ಹೋಗಿಬಿಟ್ಟರು. ನಾಲ್ಕು ತಿಂಗಳಿಗೆ, ನಮ್ಮನ್ನು ಕಂಡರಿಯದ ದೂರದ ಲ್ಯಾಬೊಂದರಿಂದ ನನಗೊಂದು ಮೇಲ್ ಬಂತು. ಅಚ್ಚಾದ ಪ್ರಬಂಧ ಓದಿ ನಮ್ಮ ಪ್ರಯೋಗವನ್ನು ಅವರೂ ಮಾಡಿದ್ದರಂತೆ. ಅದೇ ಫಲಿತಾಂಶ ಬಂದಿತಂತೆ. ಓದಿದವಳೇ ಮೇಡಂ ನಂಬರು ಒತ್ತಿಬಿಟ್ಟಿದ್ದೆ. ಎಲ್ಲದಕ್ಕೂ ನನ್ನನ್ನು ಕಾಯಿಸಿದವರು, ಇದೊಂದಕ್ಕೆ ತಾವು ನಾಲ್ಕು ತಿಂಗಳು ಕಾಯಬಾರದಿತ್ತೇ?