ಅವಳು ಸ್ನಾನಕ್ಕೆ ಹೋದಾಗ

ಔಷಧದ ಡಬ್ಬಿ ಒಪ್ಪ ಮಾಡುವಾಗ ಸುಟ್ಟಗಾಯದ ಮುಲಾಮು ಸಿಕ್ಕಿತು. ಮುಚ್ಚಳ ತೆಗೆದು ಮೂಸಿದವನೇ ಮತ್ತೆ ಬಿಗಿಯಾಗಿ ಮುಚ್ಚಿಬಿಟ್ಟೆ. ನಗಬೇಡಿ. ವರ್ಷದ ಹಿಂದಿನ ಮುಲಾಮಿಗೆ ಹೆದರುವ ಮುದುಕನನ್ನು ನೀವು ನೋಡಿರಲಿಕ್ಕಿಲ್ಲ.

ಊರು ಬಿಟ್ಟು ಬಂದು ಕುಂಡಯಿಯ ಕಾರ್ಖಾನೆಯೊಂದರಲ್ಲಿ ನಾನು ಮೂವತ್ತು ವರ್ಷ ಭೋಂಗಾ, ಅಂದರೆ ಪಾಳಿಯ ಸೈರನ್ನು, ಕೂಗಿದಂತೆ ಎದ್ದು, ಉಂಡು, ಮಲಗಿದವನು. ನಿವೃತ್ತಿಯಾದ ಮೇಲೆ ಮನೆಗೆ ನಾನೇ ಭೋಂಗಾ ಆದೆನೆಂದು ಹೆಂಡತಿ ಗಂಗವ್ವ ಹೇಳುತ್ತಾಳೆ. ಆರಕ್ಕೆ ನನ್ನ ಸ್ನಾನ, ಆರೂಕಾಲಿಗೆ ಅವಳದು. ಅವಳು ಒಳಗೆ ಹೋದೊಡನೆ ನಾನು ನಿನ್ನೆಯ ನೀರು ಚೆಲ್ಲಿ, ತಾಮ್ರದ ಕೊಡ ತಿಕ್ಕಿ, ಕುಡಿಯುವ ನೀರು ತುಂಬುತ್ತಿದ್ದೆ. ನಮ್ಮೂರ ಕಡೆ ತಂಗಳು ನೀರು ಕುಡಿಯುವ ರೂಢಿ ಇಲ್ಲ.

ಗಂಗವ್ವನಿಗೆ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಇಲ್ಲ. ಬಗ್ಗಿ ತಂಬಿಗೆ ಎತ್ತಲು ಮೊಣಕಾಲು ಬಿಡದು, ಅದಕ್ಕೇ ಷವರು. ಒಂದು ದಿನ ಅವಳೆಂದಳು, “ರೀ, ನೀರು ಒಮ್ಮಿಂದೊಮ್ಮೆಲೆ ಕುದ್ಯಾಕತ್ತೇತಿ.”

ಮರುದಿನ ನನ್ನ ಸ್ನಾನದ ಹೊತ್ತಿಗೆ ನಾನು ಷವರಿನ ಕೆಳಗೆ ನಿಂತು ನೋಡಿದೆ. ನೀರು ಹಾಲಿನಂತೆ ಹದವಾಗಿತ್ತು. “ನಿನಗ ತಿರುವಾಕ ಬರಂಗಿಲ್ಲ,” ಎಂದೆ. ಆದರೂ ಗೀಸರಿನ ಶಾಖ ತುಸು ಇಳಿಸಿದೆ, ಷವರಿನ ಜಾಲರಿ ಬಿಚ್ಚಿ ತೊಳೆದೆ. ನಾಲ್ಕು ದಿನ ನಾನೇ ಪರೀಕ್ಷಿಸಿದೆ. ದೋಷವಿಲ್ಲ ಎಂದು ತೀರ್ಪು ಕೊಟ್ಟೆ.

ಐದನೆಯ ದಿನ ಅವಳು ಹೊರಬಂದು ಕುರ್ಚಿಯಲ್ಲಿ ಕುಳಿತಳು. ಎರಡೂ ಪಾದಗಳ ಮೇಲೆ ಬೊಬ್ಬೆ ಎದ್ದಿತ್ತು. ಅವಳಿಗೆ ಗೊತ್ತೇ ಇರಲಿಲ್ಲ. ಮೈಮೇಲೆ ಬಿಸಿ ಬಿದ್ದಾಗ ಹಿಂದೆ ಸರಿದಿದ್ದಾಳೆ. ನೀರು ಪಾದದ ಮೇಲೆ ಸುರಿಯುತ್ತ ಹೋಗಿದೆ. ಗಾಯ ಕೆಟ್ಟರೆ ಬೆರಳು ಉಳಿಯುವುದು ಕಷ್ಟ, ಕಾಲೂ ಹೋಗಬಹುದು ಎಂದರು ಡಾಕ್ಟರು. ಎರಡು ತಿಂಗಳು ದಿನಕ್ಕೆರಡು ಸಲ ಪಟ್ಟಿ ಬಿಚ್ಚುವಾಗ, ಬೆರಳು ಕಪ್ಪಾಗಿದೆಯೇ ಎಂದು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಝುವಾರಿನಗರದಿಂದ ನಳದ ಕೆಲಸದ ಮೌಲಾಲಿಯನ್ನು ಕರೆಸಿದೆ. ನಮ್ಮ ವಿಜಯಪುರ ಕಡೆಯವನೇ, ತಲೆ ನರೆತವನು. ಗೀಸರನ್ನು ಮುಟ್ಟಲೂ ಇಲ್ಲ.

“ಕಾಕಾ, ಕಾಕು ಜಳಕಕ್ಕ ಹೋದಾಗ ನೀವೇನ್ ಮಾಡ್ತೀರಿ?”

“ಕೊಡ ತುಂಬತೀನಿ. ದಿನಾ.”

“ಈಗ ತುಂಬ್ರಿ ನೋಡೂಣು.”

ಅವನು ಬಚ್ಚಲಿಗೆ ಹೋಗಿ ಷವರು ಬಿಟ್ಟು ಕೈಯೊಡ್ಡಿದ. ನಾನು ಅಡಿಗೆಮನೆಯ ನಳ ಪೂರ್ತಿ ತಿರುವಿದೆ. ಬಚ್ಚಲಿನಿಂದ “ಯಾ ಅಲ್ಲಾ!” ಎಂಬ ಕೂಗು ಬಂತು. ಮೌಲಾಲಿ ಕೈ ಕೊಡವುತ್ತ ಬಂದ.

“ಅಡಿಗಿಮನಿ ನಳಕ್ಕ, ಷವರಿನ ತಣ್ಣೀರಿಗೆ ಒಂದ ಪೈಪು ಐತ್ರಿ. ಬಿಸಿನೀರಿಂದು ಬ್ಯಾರೆ. ನೀವು ಇಲ್ಲಿ ಕೊಡ ಹಿಡದ್ರ ಅಲ್ಲಿ ತಣ್ಣೀರು ನಿಲ್ಲತೈತಿ, ಬರೇ ಕುದಿನೀರು ಬೀಳತೈತಿ. ನೀವು ಜಳಕ ಮಾಡೂಮುಂದ ಕೊಡ ಯಾರು ತುಂಬತಾರ?”

ಯಾರೂ ಇಲ್ಲ. ನನ್ನ ಪರೀಕ್ಷೆಯಲ್ಲಿ ನೀರು ಹದವಾಗಿದ್ದುದು ಅದಕ್ಕೇ.

ಒಳಗಿನಿಂದ ಗಂಗವ್ವ ಎಂದಳು, “ಮೌಲಾಲಿ, ಇವರಿಗೊಂದು ಬ್ಯಾರೆ ಪೈಪು ಹಾಕಪಾ. ತಲೀಗೆ.” ಅವನು ನಕ್ಕ. ನನಗೆ ನಗು ಬರಲಿಲ್ಲ.

ಪೈಪು ಬೇರೆಯಾಯಿತು, ಗಾಯ ಮಾಯಿತು, ಬೆರಳು ಹತ್ತೂ ಉಳಿದವು. ಭಯ ಮಾತ್ರ ಮಾಯಲಿಲ್ಲ. ಈಗ ಅವಳು ಸ್ನಾನಕ್ಕೆ ಹೋದಾಗ ನಾನು ಯಾವ ಕೆಲಸವನ್ನೂ ಮುಟ್ಟುವುದಿಲ್ಲ. ಬಚ್ಚಲ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂರುತ್ತೇನೆ. ನೀರು ನಿಲ್ಲಿಸುವವರೆಗೆ ಅವಳು ಒಳಗಿನಿಂದ ಏನಾದರೂ ಮಾತಾಡುತ್ತಿರಬೇಕು, ಅದು ಕರಾರು.

ಇವತ್ತು ಬೆಳಿಗ್ಗೆ ಮಾತು ನಡುವೆ ನಿಂತಿತು. ನೀರಿನ ಸದ್ದು ಮಾತ್ರ. ಎದ್ದು ಬಾಗಿಲು ಬಡಿದೆ.

“ಏನಾತು?”

“ಏನಾಗಿಲ್ರಿ! ಮಾರಿಗೆ ಸಾಬಾನ ಹಚ್ಚೇನಿ. ಬಾಯಿ ತೆಗದ್ರ ಒಳಗ ಹೋಗತೈತಿ.”

“ಹೋಗ್ಲಿ,” ಎಂದೆ. “ಮಾತಾಡು.”