ಮಿಂಚುಳ್ಳಿಯ ದಡ, ಕಳ್ಳಿಪೀರದ ದಡ

ಚಿಬೂಯೆ ಮಡಕೆ ಮಾಡುವವಳು, ಜೇಡಿಮಣ್ಣಿನ ಕುಲದವಳು. ನಾನು ಲೊಂಬೆ, ಮಳೆಯ ಕುಲದವನು. ಮಳೆ ಬಿದ್ದರೆ ಜೇಡಿ ಕರಗುತ್ತದೆ, ಜೇಡಿ ಇಲ್ಲದಿದ್ದರೆ ಮಳೆನೀರಿಗೆ ನಿಲ್ಲಲು ಜಾಗವಿಲ್ಲ. ಹಾಗಾಗಿ ಈ ಎರಡು ಕುಲದವರು ಗೇಲಿ ನೆಂಟರು. ಗೇಲಿ ನೆಂಟ ನಾಲ್ಕು ಜನರ ಮುಂದೆ ಮಾನ ಕಳೆದರೂ ಸಿಟ್ಟಾಗುವಂತಿಲ್ಲ. ಅವರ ಹೆಣಕ್ಕೆ ನಾವು ಗುಂಡಿ ತೋಡಬೇಕು, ನಮ್ಮ ಹೆಣಕ್ಕೆ ಅವರು. ಬೇರೆ ಯಾರಾದರೂ ಅಂದಿದ್ದರೆ ಕಪಾಳಕ್ಕೆ ಬಿಡುತ್ತಿದ್ದ ಮಾತುಗಳನ್ನು ಈ ಹೆಂಗಸಿನಿಂದ ವರ್ಷಗಟ್ಟಲೆ ಕೇಳಿಸಿಕೊಂಡು ಹಲ್ಲು ಕಿರಿದಿದ್ದೇನೆ.

"ಏ ಮಳೆಯವ್ನೇ, ಗುಡುಗೋದೇ ಆಯ್ತು ನಿಂದು. ಒಂದ್ ಹನಿನಾದ್ರೂ ಬೀಳ್ಸು ನೋಡಾಣ!" ಎಂದು ದಾರಿಯಲ್ಲಿ ಕೂಗುತ್ತಿದ್ದಳು.

"ನಾ ಬಿದ್ರೆ ನೀನು ಅಂಗಳದಲ್ಲಿ ಕೆಸ್ರಾಗ್ತೀಯ ಕಣಮ್ಮ, ಕೋಳಿ ತುಳ್ದಾಡ್ತವೆ," ಎನ್ನುತ್ತಿದ್ದೆ.

ಅವಳ ಕಸುಬು ನಿಂತಿದ್ದು ಲುವಾಂಗ್ವಾ ನದಿಯ ತಿರುವಿನಲ್ಲಿದ್ದ ಎತ್ತರದ ದಡದ ಮೇಲೆ. ಬೇಸಿಗೆಯಲ್ಲಿ ನದಿ ಇಳಿದಾಗ ದಡ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮಿಂಚುಳ್ಳಿ ಅದರಲ್ಲಿ ಬಿಲ ತೋಡುತ್ತದೆ, ಕೆಂಪು ಕಳ್ಳಿಪೀರವೂ ತೋಡುತ್ತದೆ. ಹಕ್ಕಿ ಒಳಗಿನಿಂದ ಕಾಲಲ್ಲಿ ಒದ್ದ ಮಣ್ಣು ಬಿಲದ ಕೆಳಗೆ ಪುಟ್ಟ ರಾಶಿಯಾಗಿ ಬೀಳುತ್ತದಲ್ಲ, ಚಿಬೂಯೆ ಅದನ್ನು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ತೋಳುದ್ದ ಆಳದ ಮಣ್ಣನ್ನು ಹಕ್ಕಿ ಹೊರಗೆ ತಂದು ತೋರಿಸುತ್ತಿರುವಾಗ ಸುಮ್ಮನೆ ಯಾಕೆ ಅಗೆದು ನೋಡಬೇಕು? ಹಲ್ಲಿಗೆ ಮರಳು ಸಿಕ್ಕರೆ ಉಗಿದು ಮುಂದೆ ಹೋಗುವಳು. ಅಂಟಿದರೆ ಬುಟ್ಟಿ ಇಳಿಸುವಳು. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳಂತೆ.

ಹಕ್ಕಿಗಳ ನೆಂಟಸ್ತಿಕೆ ಹೇಳಲು ಕೂತರೆ ಚಿಬೂಯೆ ಮನುಷ್ಯರ ಮದುವೆ ಮಾತಾಡಿದಂತೆ ಮಾತಾಡುತ್ತಿದ್ದಳು. ಅವಳ ಪ್ರಕಾರ ಮಿಂಚುಳ್ಳಿ, ಕಳ್ಳಿಪೀರ, ನೀಲಕಂಠ ಮೂರೂ ಒಂದೇ ಕುಲದ ಮೂರು ಮನೆಗಳು. ಹುಲ್ಲು ತಂದು ಹೆಣೆಯುವ ಜಾತಿ ಇದಲ್ಲ. ಎಲ್ಲರೂ ಕತ್ತಲೆ ಗೂಡಿನವರು. ಎಲ್ಲರದ್ದೂ ದುಂಡನೆಯ ಬಿಳಿ ಮೊಟ್ಟೆ. ಮಿಂಚುಳ್ಳಿಗಳಲ್ಲೇ ನೀರಿಗೆ ಬೀಳುವವು ಬೇರೆ, ಕಾಡಲ್ಲಿ ಮಿಡತೆ ತಿಂದುಕೊಂಡು ಹುಟ್ಟಿದಾಗಿನಿಂದ ಒಂದು ಮೀನನ್ನೂ ಮುಟ್ಟದವು ಬೇರೆ. ಹೆಂಡತಿಯನ್ನು ಮರದ ಪೊಟರೆಯಲ್ಲಿ ಕೂರಿಸಿ ಮಣ್ಣು ಮೆತ್ತುವ ಮಂಗಟ್ಟೆ ಈ ಕುಲಕ್ಕೆ ದೂರದ ಬೀಗ.

"ನೀಲಕಂಠ ಹೆಂಗೆ ಒಳಗಿನವ್ನು?" ಎಂದು ನಾನು ಒಮ್ಮೆ ಜಗಳ ತೆಗೆದೆ. "ಮಿಂಚುಳ್ಳಿ ಕಾಲು ನೋಡು, ಕಳ್ಳಿಪೀರದ ಕಾಲು ನೋಡು. ಮುಂದಿನ ಬೆರಳು ಒಂದಕ್ಕೊಂದು ಹೊಲ್ದಂಗಿರ್ತವೆ. ನೀಲಕಂಠದ್ದು ಬಿಡಿಬಿಡಿ."

"ನಿನ್ ಅಂಗೈನೂ ಕತ್ತೆ ಗೊರಸಿನಂಗೇ ಒಡ್ದಿದೆ. ಹಂಗಂತ ಕತ್ತೆ ನಿನ್ ಅಣ್ಣನೇನೋ?" ಎಂದಳು. "ಮಣ್ಣು ತೋಡೋ ಕೆಲ್ಸ ಅಂಥ ಕಾಲು ಕೊಡ್ತದೆ. ಕಾಲು ನೋಡಿ ಹೆಣ್ಣು ಕೊಡ್ತಾರಾ?"

ಮಗಳು ಕಪೆಂಬ ಪಕ್ಕದಲ್ಲೇ ಕೂತು ಮಡಕೆಯ ಕಂಠ ಉಜ್ಜುತ್ತಾ ನಗುತ್ತಿದ್ದಳು. ಚಿಬೂಯೆಗೆ ಹುಟ್ಟಿದ ಐದರಲ್ಲಿ ಉಳಿದವಳು ಅವಳೊಬ್ಬಳೇ. ಅವಳ ಗಂಡ ಸಕಾಲ ಎನ್ನುವವನು ನದಿಯಾಚೆಯಿಂದ ಬಂದು ಅತ್ತೆಯ ಹಟ್ಟಿಯಲ್ಲಿ ಇದ್ದ. ಅವರಿಗೆ ಮ್ವಾಪೆ ಎಂಬ ಪುಟ್ಟ ಹೆಣ್ಣುಮಗು.

ಆ ವರ್ಷ ಮಿಂಚುಳ್ಳಿಯ ದಡದ ಜೇಡಿ ಮುಗಿಯುತ್ತಾ ಬಂದಿತ್ತು. ಮಿಂಚುಳ್ಳಿಯದ್ದು ಒಂಟಿ ಸಂಸಾರ. ಗಂಡ ಹೆಂಡತಿ ಗಟ್ಟಿ ಜಾಗ ನೋಡಿ ಒಂದು ಬಿಲ ತೋಡುತ್ತವೆ, ಮುಂದಿನ ಬಿಲ ಇನ್ನೆಷ್ಟೋ ದೂರಕ್ಕೆ. ಅಂಥ ದಡದ ಬುಡದಲ್ಲಿ ಕೂತು ಅಗೆದರೂ ತಲೆಯ ಮೇಲೆ ಭಯವಿಲ್ಲ. ಕೆಂಪು ಕಳ್ಳಿಪೀರಗಳದ್ದು ಹಾಗಲ್ಲ. ಅವು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಒಂದರ ಬಿಲಕ್ಕೆ ಇನ್ನೊಂದರ ಬಿಲ ತಾಗುವಂತೆ ತೋಡಿ ತೋಡಿ, ಹೊರಗೆ ಗೋಡೆ ಕಂಡರೂ ಒಳಗೆ ಜರಡಿ. ಆ ದಡದ ಕೆಳಗೆ ಚಿಬೂಯೆ ಯಾವತ್ತೂ ಕೂತವಳಲ್ಲ. ಆದರೆ ಯಾಕೆ ಕೂರುವುದಿಲ್ಲ ಅಂತ ಮಗಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕುಲ ಒಂದೇ ಎಂದು ಮಾತ್ರ ಸಾವಿರ ಸಲ ಹೇಳಿದ್ದಳು.

ಬೇಸಿಗೆಯ ಕೊನೆ, ಅಕ್ಟೋಬರಿನ ಆ ಬೆಳಿಗ್ಗೆ ಕಪೆಂಬ ಬುಟ್ಟಿ ಎತ್ತಿಕೊಂಡು ಹೊರಟಾಗ, ನೀರು ತರುತ್ತಿದ್ದ ಹೆಂಗಸರು ಎಲ್ಲಿಗೆ ಎಂದು ಕೇಳಿದರಂತೆ. "ಜೇಡಿ ಇವತ್ತು ಚಿಕ್ಕಮ್ಮನ ಮನೆ ಕಡೆಯಿಂದ ತರ್ತೀನಿ. ಮಿಂಚುಳ್ಳಿ ಮನೆಯಾದ್ರೇನು, ಕಳ್ಳಿಪೀರದ ಮನೆಯಾದ್ರೇನು, ಎಲ್ಲಾ ಒಂದೇ ರಕ್ತ," ಎಂದಳಂತೆ. ಬಿಸಿಲೇರುವ ಹೊತ್ತಿಗೆ ಕಳ್ಳಿಪೀರದ ದಡ ಅವಳ ಮೇಲೆ ಕುಸಿಯಿತು. ಊರಿಗೆಲ್ಲ ಸದ್ದು ಕೇಳಿಸಿತು. ಆನೆ ಮರ ಬೀಳಿಸಿತು ಎಂದುಕೊಂಡೆವು. ಹೊರಗೆ ಬಂದು ನೋಡಿದರೆ ನದಿಯ ಮೇಲಿನ ಆಕಾಶವೆಲ್ಲ ಕೆಂಪು. ಗೂಡು ಕಳೆದುಕೊಂಡ ಹಕ್ಕಿಗಳು ಚೀರುತ್ತಾ ಸುತ್ತುತ್ತಿದ್ದವು.

ಆ ರಾಶಿಯ ಅಡಿಯಲ್ಲಿ ಯಾರೂ ಬದುಕಿರಲು ಸಾಧ್ಯವಿರಲಿಲ್ಲ. ಅದು ಚಿಬೂಯೆಗೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದು ಹೆಣ. ಮಳೆ ಕುಲದವರ ಕೈಯಿಂದ ಮಣ್ಣಾಗದವರ ಹೆಸರನ್ನು ಇನ್ನೊಬ್ಬರು ಹೊರುವಂತಿಲ್ಲ. ಹೆಸರು ಹೊತ್ತು ಅದೇ ಹೆಸರಿನಿಂದ ಕರೆಸಿಕೊಳ್ಳುವವರು ಇಲ್ಲದಿದ್ದರೆ ಸತ್ತವರು ಮನೆಗೆ ಮರಳುವುದಿಲ್ಲ, ಗಂಡನಿಗೆ ಸತ್ತವಳ ಋಣದಿಂದ ಬಿಡುಗಡೆಯೂ ಇಲ್ಲ. ಇನ್ನು ಕೆಲವೇ ವಾರಕ್ಕೆ ಮಳೆ ಹಿಡಿದರೆ ನದಿ ಏರಿ ಆ ರಾಶಿಯನ್ನು ನೆಕ್ಕಿಕೊಂಡು ಹೋಗುತ್ತದೆ, ಮೊಸಳೆಗಳಿಗೆ ಕೊಡುತ್ತದೆ.

ನಾನು, ನನ್ನ ತಮ್ಮ ಮುಸೊಲೆ, ನಮ್ಮ ಕುಲದ ಇನ್ನಿಬ್ಬರು ಗುದ್ದಲಿ ಹಿಡಿದೆವು. ಒಂದು ಬುಟ್ಟಿ ಎತ್ತಿದರೆ ಎರಡು ಬುಟ್ಟಿ ಜಾರಿ ಬರುತ್ತಿತ್ತು. ಮಣ್ಣಿನಲ್ಲಿ ಒಡೆದ ಮೊಟ್ಟೆ, ಇನ್ನೂ ಕಣ್ಣು ಬಿಡದ ಮರಿಗಳು. ಸಂಜೆಯಾದರೆ ದಡದ ಮೇಲೆ ಹೆಂಗಸರ ಅಳು. ಅಳುವಿನ ನಡುವೆ ಗೇಲಿಯೂ ನಡೆಯಬೇಕು, ಅದು ನಮ್ಮ ಕೆಲಸ. ನಾನು ಚಿಬೂಯೆಯ ಮುಂದೆ ನಿಂತು, "ಏನಮ್ಮಾ ಜೇಡಿ, ಮಡಕೆ ಸಾಲ್ದು ಅಂತ ದಡಾನೇ ಇಳ್ಸಿಬಿಟ್ಯಲ್ಲ!" ಎಂದೆ. ಎಲ್ಲರೂ ನಕ್ಕರು. ಅವಳೂ ನಗಬೇಕು, ನಕ್ಕಳು. ಆ ನಗುವನ್ನು ನೋಡಿ ನನ್ನ ನಾಲಿಗೆಯನ್ನು ಕಿತ್ತು ಬಿಸಾಕೋಣ ಅನ್ನಿಸಿತು.

ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: "ಎಲ್ಲಾ ಒಂದೇ ಮನೆ ಅಂತ ಹೇಳ್ಕೊಟ್ಟೋಳು ನಾನು ಕಣೋ. ಮನೆ ಒಂದಾದ್ರೂ ನಡತೆ ಬೇರೆ ಅಂತ ಹೇಳ್ಕೊಡ್ಲಿಲ್ಲ."

ನಾಲ್ಕನೆಯ ದಿನ ಮೋಡ ಕಟ್ಟಿತು. ದಡದ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಇನ್ನಿಬ್ಬರು ಗುದ್ದಲಿ ಇಟ್ಟು ಹೊರಟರು. ಹೇಡಿಗಳು ಎಂದು ನಾನು ಬೈದೆ; ಒಬ್ಬನ ಮೇಲೆ ಹೆಂಟೆ ಎಸೆದೆ. ಮುಸೊಲೆ ಮಾತ್ರ ಉಳಿದ. ಮಧ್ಯಾಹ್ನ ನಾನು ಎದೆಯವರೆಗೆ ಗುಂಡಿಗೆ ಇಳಿದು ಕೈ ತೂರಿಸಿದೆ. ಕಾಲು ಸಿಕ್ಕಿತು. ಹಿಮ್ಮಡಿ, ತಣ್ಣಗೆ, ಜೇಡಿ ತುಳಿಯುವವರಿಗೆ ಒಡೆಯುವಂತೆ ಒಡೆದದ್ದು.

"ಸಿಕ್ಕಿದ್ಳು!" ಎಂದು ಕೂಗಿದೆ. "ಹಿಮ್ಮಡಿ ಕೈಯಾಗಿದೆ! ಮುಸೊಲೆ, ಈ ಕಡೆಯಿಂದ ತೆಗಿ!"

ಚಿಬೂಯೆ ಆಗ ದಡದ ಮೇಲಿದ್ದಳು. ಬಿರುಕಿನ ಗುಂಟ ನಡೆದು ಹೋದವಳು ಮಿಂಚುಳ್ಳಿಯ ಬಿಲವಿದ್ದ ಗಟ್ಟಿ ಭಾಗದ ತನಕ ಹೋಗಿ ಬಗ್ಗಿ ನೋಡಿದಳು. ಬಿರುಕು ಅದನ್ನೂ ದಾಟಿತ್ತು.

"ಲೊಂಬೆ, ಬಿಡು. ಮೇಲ್ ಬಾ," ಎಂದಳು.

"ಅಮ್ಮೋ, ಕೈಯಾಗಿದ್ದಾಳೆ ಅಂತೀನಿ! ಬಿಡು ಅಂತೀಯಲ್ಲ, ತಲೆ ಕೆಟ್ಟಿದ್ಯಾ?"

"ಬಿಡು ಅಂದೆ."

"ನಾ ಬಿಡಲ್ಲ. ಸತ್ರೆ ಸಾಯ್ತೀನಿ, ಹೋಗು!"

ನನ್ನ ಸಿಟ್ಟು ಊರಿಗೇ ಗೊತ್ತು. ಬೇಡ ಎಂದರೆ ಮುಗಿಯಿತು, ಹಿಡಿದದ್ದನ್ನು ಬಿಡುವವನಲ್ಲ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. ಆಚೆ ದಡದವರಿಗೂ ಕೇಳುವ ಹಾಗೆ ಗೇಲಿ ಹಾಡುವ ದನಿ ತೆಗೆದಳು.

"ನೋಡ್ರಪ್ಪೋ ನೋಡ್ರಿ! ಮಳೆ ಕುಲದ ಗಂಡ್ಸು! ಬದ್ಕಿರೋ ಹೆಂಡ್ತಿ ಕಾಲು ಹಿಡಿಯೋಕೆ ನಾಚ್ಕೆ, ನನ್ ಮಗಳ ಕಾಲು ಹಿಡ್ಕೊಂಡು ಕೂತವ್ನೆ! ಏ ಸಕಾಲ, ನಿನ್ ಹೆಂಡ್ತಿ ಕಾಲು ಹಿಡ್ಕೊಂಡವ್ನೆ ಕಣೋ, ಬಂದು ಒದಿ! ಏನೋ ಲೊಂಬೆ, ಕೆಸ್ರಲ್ಲಿ ಎಮ್ಮೆ ಬಿದ್ದಂಗೆ ಬಿದ್ದಿದ್ಯಲ್ಲ, ಎದ್ದು ಬರೋ ನಾಚ್ಕೆಗೇಡಿ!"

ದಡದ ಮೇಲಿದ್ದವರಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಬೆಂಕಿ ಹತ್ತಿದಂತಾಯಿತು ನನಗೆ. ಗೇಲಿ ನೆಂಟಳ ಮೇಲೆ ಕೈ ಮಾಡುವಂತಿಲ್ಲ, ಹಾಗೆಂದು ಆ ಮಾತು ಕೇಳಿಸಿಕೊಂಡು ಅಲ್ಲಿ ಕೂರಲೂ ಆಗಲಿಲ್ಲ. ಹಿಮ್ಮಡಿ ಬಿಟ್ಟೆ. ಮುಸೊಲೆಯನ್ನು ತಳ್ಳಿಕೊಂಡೇ ಗುಂಡಿ ಹತ್ತಿ, ಅವಳ ಮುಖಕ್ಕೆ ಮುಖ ಕೊಟ್ಟು ಕೂಗಬೇಕೆಂದು ದಡದ ಬಳಸು ದಾರಿಯಲ್ಲಿ ಓಡಿದೆ. ಅರ್ಧ ಹತ್ತಿದ್ದೆವು. ಹಿಂದೆ ಸದ್ದಾಯಿತು. ಧೂಳು ಇಳಿದ ಮೇಲೆ ನೋಡಿದರೆ ನಾನು ನಿಂತಿದ್ದ ಗುಂಡಿ ಎಲ್ಲಿತ್ತೆಂದೇ ತಿಳಿಯುವಂತಿರಲಿಲ್ಲ.

ಚಿಬೂಯೆ ಕೂತುಬಿಟ್ಟಿದ್ದಳು. ನನ್ನನ್ನು ನೋಡಿ, "ಬಂದ್ಯಾ," ಎಂದಳು, ಅಷ್ಟೇ. ಮಳೆ ಅದೇ ಸಂಜೆ ಹಿಡಿಯಿತು.

ಊರ ಹಿರಿಯ ಕಟೊಂಗೊ ಪಂಚಾಯಿತಿ ಸೇರಿಸಿದ. ಹೆಣ ಮೇಲೆ ಬಂದಿಲ್ಲ, ಗುಂಡಿಗೆ ಇಳಿಸಿಲ್ಲ, ಆದ್ದರಿಂದ ಹೆಸರು ಕೊಡುವಂತಿಲ್ಲ ಎಂದ.

ಚಿಬೂಯೆ ಎದ್ದು ನಿಂತಳು. "ಮಳೆ ಕುಲದವರ ಕೈ ಅವಳನ್ನ ಮುಟ್ಟಿದೆ. ಅದೇ ಕೈಯಿಂದ ಬಿಟ್ಟದ್ದು. ಬಿಟ್ಟ ಮೇಲೆ ಮಣ್ಣು ಬಿದ್ದದ್ದು. ಗೋರಿ ಅಂದ್ರೆ ಇನ್ನೇನು? ಕೇಳ್ರಿ ಅವನ್ನ."

ಕಟೊಂಗೊ ನನ್ನ ಕಡೆ ತಿರುಗಿದ. "ಹಿಮ್ಮಡಿನೇ ಅಂತ ಹೆಂಗ್ ಹೇಳ್ತೀಯ? ಬೇರು ಇದ್ದಿರ್ಬೋದು."

"ಬೇರಿಗೆ ಬೆರಳಿರ್ತವಾ, ಮುದಿಯಾ?" ಎಂದು ಅವನ ಮೇಲೆ ಏರಿ ಹೋದೆ. ಮೂರು ಜನ ಹಿಡಿದುಕೊಂಡರು. "ಐದು ಬೆರಳು! ಎಣಿಸಿದೀನಿ! ನನ್ ಕೈ ಇನ್ನೂ ತಣ್ಣಗಿದೆ, ಮುಟ್ಟಿ ನೋಡು! ಮುಟ್ಟು!"

ಮುದುಕ ಮುಟ್ಟಲಿಲ್ಲ. ಕೊನೆಗೆ, "ಬಿಟ್ಟದ್ದು ಮಳೆಯವನ ಕೈ. ಹೂತಂಗೇ ಆಯ್ತು," ಎಂದ.

ಹೆಸರು ಕೊಡುವ ದಿನ ಹೆಂಡ ಕಾಯಿಸಿದರು, ಉಬ್ವಾಲಿ ಮುದ್ದೆ ಬೇಯಿಸಿದರು. ಸಕಾಲನ ಮೈಗೆ ಬಿಳಿ ಹಿಟ್ಟು ಬಳಿದು ಬಿಡುಗಡೆ ಕೊಟ್ಟರು. ಅವನು ಅತ್ತು, ಮೂರನೆಯ ದಿನವೇ ದೋಣಿ ಹತ್ತಿ ಆಚೆ ಹೋದ, ಮತ್ತೆ ಬರಲಿಲ್ಲ. ಹೆಸರು ಹೊರಬೇಕಾದವಳು ಮಗು ಮ್ವಾಪೆ. ಹೊಸ ಮಡಕೆಯಿಂದ ನೀರು ಕುಡಿಸಬೇಕು. ಮಡಕೆ ಎಲ್ಲಿ ಎಂದು ಕಟೊಂಗೊ ಕೇಳಿದ.

"ನಾ ಇನ್ ಮಾಡಲ್ಲ," ಎಂದಳು ಚಿಬೂಯೆ. ಒಳಗೆ ಹೋಗಿ ಹಿಡಿ ಮುರಿದ ಹಳದಿ ಪ್ಲಾಸ್ಟಿಕ್ ಮಗ್ಗು ತಂದಳು. ಹೆಂಗಸರು ಗುಸುಗುಸು ಎಂದರು. ನಾನು ಗೇಲಿ ಮಾಡಬೇಕಾದ ಜಾಗ ಅದು; ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಮಗ್ಗಿಗೆ ನೀರು ಬಗ್ಗಿಸಿದೆ.

ಮಗುವಿಗೆ ಬಾಯಾರಿಕೆ ಇರಲಿಲ್ಲ. ಮುಖ ತಿರುಗಿಸಿ, "ಅಜ್ಜಿ, ಬ್ಯಾಡ," ಎಂದಿತು.

"ಕುಡಿ, ಕಪೆಂಬ," ಎಂದಳು ಚಿಬೂಯೆ.

ಯಾರನ್ನು ಕರೆದದ್ದೆಂದು ಮಗು ಹಿಂದೆ ತಿರುಗಿ ನೋಡಿತು.